ಬೆಂಗಳೂರಿನ ಗ್ರಾಫಿಟಿ ಕಲಾವಿದ, ದಾವಣಗೆರೆಯ ಬೋರ್ಡ್ ಪೇಂಟರ್: ಒಂದೇ ಗೋಡೆಯಲ್ಲಿ ಇಬ್ಬರ ಕೆಲಸ ಹೊಂದಿಸುವುದು ಹೇಗೆ?

ಹತ್ತಿಗೋದಾಮು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹಳೆಯ ಹತ್ತಿ ಗೋದಾಮೊಂದರ ಹೊರಗೋಡೆಗೆ ಚಿತ್ರ ಆಗಬೇಕಿದೆ. ಉದ್ದ 36 ಅಡಿ, ಎತ್ತರ 14 ಅಡಿ, ಪಶ್ಚಿಮಕ್ಕೆ ಮುಖ, ಮುಂದೆ 20 ಅಡಿ ರಸ್ತೆ. ವರ್ಷವರ್ಷವೂ ಸುಣ್ಣ ಬಳಿದ ಗೋಡೆ. ಒಂದು ಮೂಲೆಯಲ್ಲಿ ಬಿಳಿ ಉಪ್ಪು ಬಿಟ್ಟಿದೆ. ಮಾಲೀಕರ ಒಪ್ಪಿಗೆ ಇದೆ.

ಊರಿಂದೂರಿಗೆ ಹೋಗಿ ಗೋಡೆ ಬರೆಯುವ ಗ್ರಾಫಿಟಿ ಕಲಾವಿದರೊಬ್ಬರು ಬೆಂಗಳೂರಿನಿಂದ 5 ದಿನ ಬರುತ್ತಾರೆ. ಜೊತೆಗೆ ಕೆಲಸ ಮಾಡುವವರು ಇಲ್ಲಿಯ ಹಿರಿಯ ಬೋರ್ಡ್ ಪೇಂಟರ್. ಇವರ ಕೈ ಎನಾಮೆಲ್ (ಎಣ್ಣೆಯ ಬಣ್ಣ) ಮತ್ತು ಬ್ರಷ್‌ಗೆ ಪಳಗಿದ್ದು, ಅವರದು ಸ್ಪ್ರೇ ಡಬ್ಬಿಗೆ. ನಡುವೆ ದೊಡ್ಡದಾಗಿ ‘ದಾವಣಗೆರೆ’ ಅಂತ ಬರಬೇಕು, ಸುತ್ತ ಮಂಡಕ್ಕಿ ಭಟ್ಟಿ, ಹತ್ತಿ ಗಿರಣಿಯ ಚಿಮಣಿ. ಇದಾದ ಮೇಲೆ ಅದೇ ಜೋಡಿ ಚಿತ್ರದುರ್ಗದಲ್ಲಿ ಇನ್ನೊಂದು ಗೋಡೆ ಮಾಡುತ್ತದೆ.

ನನಗೆ ಬೇಕಾದ ಉತ್ತರ: ಗೋಡೆಯನ್ನು ಹೇಗೆ ಹದ ಮಾಡಬೇಕು, ಬಣ್ಣ ಮತ್ತು ಡಬ್ಬಿ ಎಷ್ಟು, ಡಬ್ಬಿಗಳನ್ನು ತರುವುದು ಹೇಗೆ, ಯಾರು ಯಾವ ಭಾಗ ಮಾಡಬೇಕು, ಹೆಸರು–ದುಡ್ಡಿನ ಮಾತನ್ನು ಹೇಗೆ ಆಡಿಕೊಳ್ಳಬೇಕು.

ಚೌಕಿಪೇಟೆ ಬ್ರಷ್

ನೋಡ್ರಿ ಸರ್, ಮೊದಲು ಸುಣ್ಣದ ಮಾತು ಮುಗಿಸೋಣ. ಸುಣ್ಣದ ಮೇಲೆ ನೇರವಾಗಿ ಎಮಲ್ಶನ್ (ನೀರಿನ ಬಣ್ಣ) ಹಚ್ಚಿದರೆ ಬಣ್ಣ ಹಿಡಿಯೋದು ಸುಣ್ಣವನ್ನ, ಗೋಡೆಯನ್ನಲ್ಲ. ಮೊದಲ ಮಳೆಗಾಲ ಕಳೆದ ಮೇಲೆ ಸುಣ್ಣ ಪದರು ಬಿಡುತ್ತೆ, ಚಿತ್ರ ಹಪ್ಪಳದಂಗೆ ಎದ್ದು ಬರುತ್ತೆ. ಎಷ್ಟು ಒಳ್ಳೆ ಬಣ್ಣ ತಂದರೂ ಇದು ತಪ್ಪಲ್ಲ.

ಕೆರೆಯುವ ಪಟ್ಟಿ ಮತ್ತು ತಂತಿ ಬ್ರಷ್ ತಗೊಂಡು ಗಾರೆ ಕಾಣೋವರೆಗೂ ಕೆರೀಬೇಕು. 504 ಚದರಡಿಗೆ ಇಬ್ಬರು ಆಳಿಗೆ ಎರಡು ದಿನ ಹಿಡಿಯುತ್ತೆ. ಆಮೇಲೆ ನೀರು ಹೊಡೆದು ತೊಳೆದು ಮೂರು ದಿನ ಒಣಗಲು ಬಿಡ್ರಿ. ಸಾಕಾಯ್ತೋ ಇಲ್ಲವೋ ಅಂತ ನೋಡೋಕೆ ಎರಡು ಪರೀಕ್ಷೆ. ಕಪ್ಪು ಬಟ್ಟೆಯಿಂದ ಒಂದು ಸಲ ಒತ್ತಿ ಒರೆಸ್ರಿ, ಬಟ್ಟೆ ಬೆಳ್ಳಗಾದರೆ ಇನ್ನೂ ಕೆರೆಯೋದಿದೆ. ಪ್ಯಾಕಿಂಗ್ ಟೇಪನ್ನ ಒಂದು ಗೇಣು ಅಂಟಿಸಿ, ಉಗುರಿನಿಂದ ತಿಕ್ಕಿ, ಒಂದೇ ಸಲ ಎಳೀರಿ. ಟೇಪಿಗೆ ಪುಡಿ ಅಂಟಿ ಬಂದರೆ ಪ್ರೈಮರ್ ಹಚ್ಚಬ್ಯಾಡ್ರಿ.

ಉಪ್ಪು ಬಿಟ್ಟ ಮೂಲೆಗೆ ಮಾತ್ರ ನೀರು ಸೋಕಿಸಬ್ಯಾಡ್ರಿ. ಉಪ್ಪು ನೀರಲ್ಲಿ ಕರಗಿ ವಾಪಸ್ ಗೋಡೆಯೊಳಗೆ ಹೋಗುತ್ತೆ, ಒಣಗಿದ ಮೇಲೆ ಬಣ್ಣವನ್ನ ತಳ್ಳಿಕೊಂಡು ಹೊರಗೆ ಬರುತ್ತೆ. ಒಣ ಬ್ರಷ್‌ನಲ್ಲೇ ಉದುರಿಸ್ರಿ. ತೇವ ಎಲ್ಲಿಂದ ಬರ್ತಿದೆ ಅಂತ ಮೊದಲು ಹುಡುಕ್ರಿ. ತಾರಸಿ ನೀರಿನ ಕೊಳವೆ ಒಡೆದಿರಬಹುದು, ಗೋಡೆ ಬುಡಕ್ಕೆ ಮಣ್ಣು ಏರಿ ಕೂತಿರಬಹುದು. ಅದು ನಿಂತ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ರಾತ್ರಿ ಬಿಡ್ರಿ. ಬೆಳಿಗ್ಗೆ ಒಳಮೈಯಲ್ಲಿ ನೀರಿನ ಹನಿ ಇದ್ದರೆ ಗೋಡೆ ಇನ್ನೂ ಹಸಿ ಅಂತ ಅರ್ಥ.

ಬಿರುಕಿಗೆ ಹೊರಗೋಡೆಯ ಕ್ರ್ಯಾಕ್ ಫಿಲ್ಲರ್ ಹಾಕ್ರಿ. ಪಿಒಪಿ ಒಳಗಡೆಗೆ ಮಾತ್ರ ಸರಿ, ಹೊರಗೆ ಮಳೆ ನೀರು ಕುಡಿದು ಮೆತ್ತಗಾಗುತ್ತೆ. ಹೊಸದಾಗಿ ಗಾರೆ ಮಾಡಿಸಿದ ಜಾಗ ಇದ್ದರೆ ಅದಕ್ಕೆ ಕನಿಷ್ಠ 28 ದಿನ ಕೊಡ್ರಿ.

ಲೆಕ್ಕ: ಕೆರೆದ ಒರಟು ಗೋಡೆ ಬಣ್ಣ ಜಾಸ್ತಿ ಕುಡಿಯುತ್ತೆ. ನೀರಿನ ಪ್ರೈಮರ್ ಲೀಟರಿಗೆ 70 ಚದರಡಿ ಅಂತ ಹಿಡೀರಿ, 7 ಚಿಲ್ಲರೆ ಲೀಟರ್ ಬೇಕು, 10 ಲೀಟರ್ ತನ್ನಿ. ಹೊರಗೋಡೆಯ ಎಮಲ್ಶನ್ ಎರಡು ಕೋಟ್‌ಗೆ ಲೀಟರಿಗೆ 50 ಚದರಡಿ, ಅಂದರೆ ಅದೂ 10 ಲೀಟರ್. ಚಿತ್ರದ ಬಣ್ಣಕ್ಕೆ ಅಂತ ಬೇರೆ 6–7 ಲೀಟರ್, ಒಂದೊಂದು ಲೀಟರಿನ ಡಬ್ಬಿಗಳಲ್ಲಿ. ಬಿಳಿಗೆ ಸ್ಟೈನರ್ (ಕಲಸುವ ಗಟ್ಟಿ ಬಣ್ಣ) ಸುರಿದು ಕಡು ಬಣ್ಣ ಮಾಡೋಕೆ ಹೋಗಬ್ಯಾಡ್ರಿ. ಸ್ಟೈನರ್ ಮಿತಿ ಮೀರಿದರೆ ಬಣ್ಣ ಸರಿಯಾಗಿ ಕಟ್ಟೋದಿಲ್ಲ, ಮಳೆಗೆ ಕಣ್ಣೀರಿನಂಗೆ ಇಳಿಯುತ್ತೆ. ಕಡು ಬಣ್ಣ ಬೇಕಿದ್ದರೆ ಅಂಗಡಿಯ ಮಿಶಿನ್‌ನಲ್ಲಿ ಡಾರ್ಕ್ ಬೇಸಿಗೇ ಕಲಸಿಸ್ರಿ.

ಪಶ್ಚಿಮದ ಗೋಡೆ ಅಂದ್ರಿ. ಮಧ್ಯಾಹ್ನದ ಬಿಸಿಲಿಗೆ ಥಳಥಳಿಸೋ ಕೆಂಪು, ಗುಲಾಬಿ, ನಿಂಬೆ ಹಳದಿ ಎರಡು–ಮೂರು ವರ್ಷದಲ್ಲಿ ಸಪ್ಪೆ ಆಗುತ್ವೆ. ಕಾವಿ, ಹಳದಿ ಮಣ್ಣು ಇವು ಕಬ್ಬಿಣದಂಶದ ಬಣ್ಣಗಳು, ಇವೂ ಕಪ್ಪೂ ಜಲ್ದಿ ಮಾಸಲ್ಲ. ದೊಡ್ಡ ಜಾಗಕ್ಕೆಲ್ಲ ಇವನ್ನೇ ಇಟ್ಟುಕೊಂಡು, ಥಳಥಳ ಬಣ್ಣವನ್ನ ಕೈಗೆಟುಕುವ, ಮತ್ತೆ ತಿದ್ದಲು ಬರುವ ಜಾಗದಲ್ಲಿ ಇಡ್ರಿ.

ಸ್ಕಿನ್ನಿ ಕ್ಯಾಪ್

ಚೌಕಿಪೇಟೆ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಈ ಹದ ಮಾಡುವ ಕೆಲಸವೆಲ್ಲ ಕಲಾವಿದರು ಬರುವುದಕ್ಕೆ ಮುಂಚೆ ಮುಗಿದಿರಬೇಕು. ಕೆರೆಯಲು 2 ದಿನ, ಒಣಗಲು 3, ಪ್ರೈಮರ್ 1, ತಳದ ಬಣ್ಣ 1. ಅಲ್ಲಿಗೆ ಒಂದು ವಾರ. ಬಂದ ಮೇಲೆ ಕೆರೆಯಲು ಶುರು ಮಾಡಿದರೆ ಅವರ 5 ದಿನ ಗೋಡೆ ಒಣಗುವುದನ್ನು ನೋಡುತ್ತಾ ಹೋಗುತ್ತದೆ.

ಇನ್ನು ಕೆಲಸದ ಹಂಚಿಕೆ. ‘ಎಡಭಾಗ ನಿಮ್ಮದು, ಬಲಭಾಗ ನನ್ನದು’ ಅಂತ ಗೋಡೆ ಸೀಳಿದರೆ ಎರಡು ಗೋಡೆಯಾಗುತ್ತದೆ, ಜೋಡಿ ಕೆಲಸ ಆಗುವುದಿಲ್ಲ. ಪದರಗಳಲ್ಲಿ ಹಂಚಿಕೊಳ್ಳಿ. ಅಕ್ಷರದ ಎಲುಬು ಬೋರ್ಡ್ ಪೇಂಟರ್ ಕೈಯಲ್ಲಿ. ಒಳತುಂಬುವುದು ಇಬ್ಬರೂ, ರೋಲರ್ ಮತ್ತು ಎಮಲ್ಶನ್‌ನಲ್ಲಿ. ಅದರ ಮೇಲೆ ನೆರಳು, ಬಣ್ಣದಿಂದ ಬಣ್ಣಕ್ಕೆ ಜಾರುವ ಮಬ್ಬು, ಹೊಳಪು ಎಲ್ಲ ಸ್ಪ್ರೇ ಡಬ್ಬಿಯಲ್ಲಿ. ಕೊನೆಯ ಚೂಪು ಗೆರೆ ಮತ್ತೆ ಬ್ರಷ್‌ನಲ್ಲಿ.

ಈ ಕ್ರಮಕ್ಕೆ ಕಾರಣವಿದೆ. ಎಮಲ್ಶನ್ ನೀರಿನದು, ಡಬ್ಬಿಯ ಬಣ್ಣ ತಿನ್ನರಿನದು. ಒಣಗಿದ ಎಮಲ್ಶನ್ ಮೇಲೆ ಸ್ಪ್ರೇ ಚೆನ್ನಾಗಿ ಕೂರುತ್ತದೆ. ನುಣುಪಾದ ಸ್ಪ್ರೇ ಮೇಲೆ ಎಮಲ್ಶನ್ ಹಚ್ಚಿದರೆ ಹನಿಹನಿಯಾಗಿ ಸರಿಯುತ್ತದೆ, ಒಣಗಿದರೂ ಉಗುರಿಗೆ ಕಿತ್ತುಬರುತ್ತದೆ. ತಿದ್ದಲೇಬೇಕಾದರೆ 220 ನಂಬರಿನ ಮರಳುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ. ಎಮಲ್ಶನ್ ಹಚ್ಚಿ 24 ಗಂಟೆ ಕಳೆಯದೆ ಸ್ಪ್ರೇ ಹೊಡೆದರೂ ಕಷ್ಟ, ತಿನ್ನರು ಕೆಳಗಿನ ಪದರನ್ನು ಎಬ್ಬಿಸಿ ಸುಕ್ಕು ಮಾಡುತ್ತದೆ.

ಎನಾಮೆಲ್ ವಿಷಯ: ತಗಡಿನ ಬೋರ್ಡಿಗೆ ಅದು ಒಳ್ಳೆಯದು, ಗಾರೆಗೆ ಅಲ್ಲ. ಸಿಮೆಂಟು, ಸುಣ್ಣ ಎರಡರಲ್ಲೂ ಕ್ಷಾರ ಇದೆ. ಎಣ್ಣೆಯ ಬಣ್ಣ ಕ್ಷಾರಕ್ಕೆ ಸಿಕ್ಕರೆ ಸೋಪಿನಂತಾಗಿ ಅಂಟಂಟಾಗಿ ಕಿತ್ತುಹೋಗುತ್ತದೆ. ಆದರೆ ಪ್ರೈಮರ್, ಎಮಲ್ಶನ್, ಸ್ಪ್ರೇ ಎಲ್ಲ ಆದ ಮೇಲೆ ಎಳೆಯುವ ಕೊನೆಯ ಕಪ್ಪು ಗೆರೆಗೆ ಎನಾಮೆಲ್ ನಡೆಯುತ್ತದೆ. ಹಿರಿಯರ ಕೈ ಪಳಗಿದ ಬಣ್ಣ ಅಲ್ಲಿಯೇ ಕೆಲಸಕ್ಕೆ ಬರುತ್ತದೆ, ಒಂದೇ ಉಸಿರಿಗೆ ಎಳೆದ ಬ್ರಷ್ ಗೆರೆಯ ಏರಿಳಿತ ಡಬ್ಬಿಯಿಂದ ಬರುವುದೇ ಇಲ್ಲ.

400 ಮಿ.ಲೀ. ಡಬ್ಬಿಯೊಂದು ಸುಮಾರು 2 ಚದರ ಮೀಟರ್, ಅಂದರೆ 21 ಚದರಡಿ ಮುಚ್ಚುತ್ತದೆ. ಇಡೀ ಗೋಡೆಯನ್ನು ಡಬ್ಬಿಯಲ್ಲೇ ಮಾಡಿದರೆ ಒಂದು ಕೋಟ್‌ಗೇ 24 ಬೇಕು. ಮೇಲೆ ಹೇಳಿದ ಕ್ರಮದಲ್ಲಾದರೆ 12–14 ಸಾಕು: ಕಪ್ಪು 3, ಬಿಳಿ 3, ಮಿಕ್ಕಿದ್ದು ನೆರಳಿನ ಬಣ್ಣಗಳು. ಗಾಡಿ ಟಚ್‌ಅಪ್‌ಗೆ ಸಿಗುವ ಡಬ್ಬಿ ಎಲ್ಲಾ ಕಡೆ ಸಿಗುತ್ತದೆ. ಆದರೆ ಕ್ಯಾಪ್ (ಬಣ್ಣ ಚಿಮ್ಮುವ ತುದಿ) ಬದಲಾಯಿಸಲು ಹೋದಾಗ ತೊಡಕು. ಗ್ರಾಫಿಟಿ ಕ್ಯಾಪಿನ ಕೆಳಗೆ ಕಡ್ಡಿ ಇರುತ್ತದೆ, ಡಬ್ಬಿಯ ಬಾಯಿಯಲ್ಲಿ ತೂತು. ಟಚ್‌ಅಪ್ ಡಬ್ಬಿಗಳಲ್ಲಿ ಹಲವಕ್ಕೆ ಕಡ್ಡಿ ಡಬ್ಬಿಯಲ್ಲೇ ಇರುತ್ತದೆ, ಆದ್ದರಿಂದ ಸಣ್ಣ ಗೆರೆಯ ಸ್ಕಿನ್ನಿ, ದಪ್ಪ ಗೆರೆಯ ಫ್ಯಾಟ್ ಕ್ಯಾಪ್ ಕೂರುವುದಿಲ್ಲ. ಕೊಳ್ಳುವಾಗ ಕ್ಯಾಪ್ ಎತ್ತಿ ನೋಡಿ.

ಬಳಸುವಾಗ: ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ 2 ನಿಮಿಷ ಅಲ್ಲಾಡಿಸಿ. ಗೋಡೆಗೆ ಹತ್ತಿರ ಹೋದಷ್ಟೂ ಗೆರೆ ಸಣ್ಣ ಮತ್ತು ಚೂಪು, ಆದರೆ ಕೈ ನಿಂತರೆ ಸೋರುತ್ತದೆ. ಮಬ್ಬಿಗೆ ಒಂದಡಿ ದೂರ, ಕೈ ಓರೆ. ಪ್ರತಿ ಸಲ ಇಡುವ ಮೊದಲು ಡಬ್ಬಿಯನ್ನು ತಲೆಕೆಳಗೆ ಹಿಡಿದು, ಬರೀ ಗಾಳಿ ಬರುವವರೆಗೆ 2–3 ಸೆಕೆಂಡ್ ಒತ್ತಿ. ಇಲ್ಲದಿದ್ದರೆ ಕ್ಯಾಪ್ ಕಟ್ಟಿಕೊಳ್ಳುತ್ತದೆ. ಡಬ್ಬಿ ಬಿಸಿಲಿನಲ್ಲಿ, ಮುಚ್ಚಿದ ಕಾರಿನಲ್ಲಿ ಬೇಡವೇ ಬೇಡ. 50 ಡಿಗ್ರಿ ದಾಟಿದರೆ ಸಿಡಿಯುವ ಅಪಾಯವಿದೆ, ಏಪ್ರಿಲ್ ತಿಂಗಳಲ್ಲಿ ನಮ್ಮೂರಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟಾಗಲು ಹೆಚ್ಚು ಹೊತ್ತು ಬೇಡ.

ಮಾಸ್ಕ್: ಬಟ್ಟೆಯದ್ದಾಗಲಿ ಎನ್95 ಆಗಲಿ ತಿನ್ನರಿನ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕು, ಪಕ್ಕದಲ್ಲಿ ನಿಲ್ಲುವ ಪೇಂಟರ್‌ಗೂ ಒಂದು.

ಸಾಗಣೆ: ವಿಮಾನದಲ್ಲಿ ಪೇಂಟ್ ಸ್ಪ್ರೇ ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಸಾಮಾನಿನಲ್ಲೂ ಇಲ್ಲ. ರೈಲಿನಲ್ಲಿ ಒಯ್ದು ಸಿಕ್ಕಿಬಿದ್ದರೆ 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಸ್ಸಿನ ಡಿಕ್ಕಿಯಲ್ಲೂ ಬೇಡ. ಬೆಂಗಳೂರಿನಿಂದ ಲಾರಿ ಪಾರ್ಸೆಲ್‌ನಲ್ಲಿ, ಒಳಗೇನಿದೆ ಅಂತ ಚೀಟಿಯಲ್ಲಿ ಸರಿಯಾಗಿ ಬರೆಸಿ, 4 ದಿನ ಮುಂಚೆ ಕಳಿಸಿ. ಕಲಾವಿದರು ಕ್ಯಾಪ್‌ಗಳನ್ನೂ ಸ್ಕೆಚ್ಚನ್ನೂ ಮಾತ್ರ ಜೊತೆಯಲ್ಲಿ ತರಲಿ.

ಗುಣಿತಾಕ್ಷರ

ಅಕ್ಷರದ ಬಗ್ಗೆ ಯಾರೂ ಮಾತಾಡಲಿಲ್ಲ, ನನ್ನ ಮಟ್ಟಿಗೆ ಗೋಡೆ ಗೆಲ್ಲುವುದೂ ಸೋಲುವುದೂ ಅಲ್ಲಿಯೇ.

ಗ್ರಾಫಿಟಿಯ ಬರವಣಿಗೆ 1960ರ ದಶಕದ ಕೊನೆಗೆ ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಲ್ಲಿ ಬೆಳೆದದ್ದು. ಅಲ್ಲಿಯ ಲಿಪಿ ನೆಟ್ಟನೆಯ ಕಂಬಗಳ ಮೇಲೆ ನಿಂತಿದೆ, ಬಾಣ, ಕೊಂಡಿ ಎಲ್ಲ ಆ ಕಂಬದಿಂದ ಹೊರಡುತ್ತವೆ. ಕನ್ನಡಕ್ಕೆ ಕಂಬವೇ ಇಲ್ಲ, ಇರುವುದು ಬಳಸು. ಆ ಶೈಲಿಯನ್ನು ಹಾಗೇ ತಂದು ಹೊದಿಸಿದರೆ ಅಕ್ಷರ ಓದಿಸಿಕೊಳ್ಳುವುದಿಲ್ಲ.

‘ದಾವಣಗೆರೆ’ ಸುಲಭದ ಹೆಸರು. ಒತ್ತಕ್ಷರ ಒಂದೂ ಇಲ್ಲ, ಕೊಂಬು ಇಲ್ಲ. ಕೆಳಗಡೆ ಜಾಗ ಬಿಡಬೇಕಾಗಿಲ್ಲ. ಆದರೆ ‘ಗೆ’, ‘ರೆ’ ಎರಡಕ್ಕೂ ಎತ್ವ ಮೇಲಕ್ಕೆ ಏಳುತ್ತದೆ. 14 ಅಡಿಯಲ್ಲಿ ಬುಡಕ್ಕೆ 2 ಅಡಿ ಪಟ್ಟಿ, ಅಕ್ಷರದ ಮೈಗೆ 7, ಎತ್ವ ಏಳಲು 3, ಮೇಲೆ ಬಯಲು 2. ಅಗಲದಲ್ಲಿ ಎರಡೂ ತುದಿಗೆ 2 ಅಡಿ ಬಿಟ್ಟರೆ 32 ಉಳಿಯುತ್ತದೆ. ಅದನ್ನು ಐದರಿಂದ ಭಾಗಿಸಬೇಡಿ. ‘ದಾ’ದ ಇಳಿ ಹೊರಗೆ ಚಾಚುತ್ತದೆ, ‘ಣ’ ಹುಟ್ಟಾ ಅಗಲ. ಅವೆರಡಕ್ಕೆ ಏಳೂವರೆ ಏಳೂವರೆ, ‘ವ’ ಮತ್ತು ‘ಗೆ’ಗೆ ಐದೂವರೆ ಐದೂವರೆ, ‘ರೆ’ಗೆ 6.

ಮುಖ್ಯವಾಗಿ ‘ವ’ ನೋಡಿಕೊಳ್ಳಿ. ‘ಪ’ ಮತ್ತು ‘ವ’ಗಳ ನಡುವಿನ ವ್ಯತ್ಯಾಸ ಮೇಲುಗಡೆಯ ಬಾಯಿ ತೆರೆದಿದೆಯೋ ತಲೆಕಟ್ಟು ಮುಚ್ಚಿದೆಯೋ ಎಂಬುದರಲ್ಲಿದೆ. ಅರ್ಧ ಅಡಿ ದಪ್ಪದ ಗೆರೆ, ಅದರ ಸುತ್ತ ಇನ್ನೊಂದು ಗೆರೆ, ಅದಕ್ಕೊಂದು ಹೊಳಪು ಅಂತ ಏರಿಸುತ್ತಾ ಹೋದರೆ ಆ ವ್ಯತ್ಯಾಸವೇ ಕಾಣುವುದಿಲ್ಲ. ಸ್ಕೆಚ್ಚನ್ನು ಅಂಗೈಯಷ್ಟು ಸಣ್ಣದು ಮಾಡಿ, ಕನ್ನಡ ಓದುವ ಮಗುವಿನ ಕೈಗೆ ಕೊಡಿ. ತಡವರಿಸದೆ ಓದಿದರೆ ಗೋಡೆಗೆ ಹೋಗಬಹುದು.

ನೆರಳು ಎಡಕ್ಕೆ ಬೀಳಲಿ. ಇಂಗ್ಲಿಷ್ ಅಕ್ಷರಗಳಿಗೆ ಹಲವರು ಬಲಕ್ಕೆ–ಕೆಳಕ್ಕೆ ನೆರಳು ಹಾಕುತ್ತಾರೆ. ಕನ್ನಡದಲ್ಲಿ ಆ ಜಾಗ ಇಳಿ, ಕೊಂಬು, ಒತ್ತು, ಅರ್ಕಾವತ್ತುಗಳದ್ದು. ನೆರಳು ಅವನ್ನು ನುಂಗುತ್ತದೆ.

‘ಚಿತ್ರದುರ್ಗ’ ಇದಕ್ಕೆ ತದ್ವಿರುದ್ಧ. ‘ಚಿ’ಗೆ ಮೇಲೆ ಗುಡಿಸು, ‘ತ್ರ’ಕ್ಕೆ ಕೆಳಗೆ ಒತ್ತು, ‘ದು’ಗೆ ಪಕ್ಕದಲ್ಲಿ ಕೊಂಬು, ‘ರ್ಗ’ಕ್ಕೆ ಅರ್ಕಾವತ್ತು. ಅದೇ ಎತ್ತರದ ಗೋಡೆಯಲ್ಲಿ ಮೈಯನ್ನು ಐದೂವರೆ ಅಡಿಗೆ ಇಳಿಸಿ, ಒತ್ತಿಗೆ 3 ಅಡಿ ಬಿಡಬೇಕು. ಇಂಥ ಜಾಗದಲ್ಲಿ ಬೋರ್ಡ್ ಪೇಂಟರ್ ಮಾತು ಕೇಳಿ. ದಿನಾ ಒತ್ತು, ಅರ್ಕಾವತ್ತು ಬರೆದ ಕೈಗೆ ಯಾವುದು ಎಷ್ಟು ಕುಗ್ಗೀತು ಅಂತ ಗೊತ್ತಿರುತ್ತದೆ. ಕಲಾವಿದ ಹನೀಫ್ ಕುರೇಶಿ ಬೀದಿ ಪೇಂಟರ್‌ಗಳ ಅಕ್ಷರಗಳನ್ನು ಹ್ಯಾಂಡ್‌ಪೇಂಟೆಡ್‌ಟೈಪ್ ಅನ್ನುವ ಯೋಜನೆಯಲ್ಲಿ ಡಿಜಿಟಲ್ ಅಕ್ಷರಗಳಾಗಿ ಉಳಿಸಿದರು, ಅದರಲ್ಲೊಂದಕ್ಕೆ ಬರೆದವರದೇ ಹೆಸರು, ಪೇಂಟರ್ ಕಫೀಲ್. ಇದೇ ಕುರೇಶಿ ಮುಂದೆ ಬೀದಿ ಕಲೆಯ ಸಂಸ್ಥೆ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಕಟ್ಟಿದವರಲ್ಲಿ ಒಬ್ಬರು.

ಸ್ಕೆಚ್ಚನ್ನು ಗೋಡೆಗೆ ಏರಿಸಲು 2 ಅಡಿ ಚೌಕ ಹಾಕಿ. 18 ಅಡ್ಡ, 7 ಉದ್ದ, ಒಟ್ಟು 126 ಮನೆ. ಗೋಡೆ ತುಂಬ ಅಡ್ಡಾದಿಡ್ಡಿ ಗುರುತು ಗೀಚಿ, ಫೋಟೋ ಹೊಡೆದು, ಫೋನಿನಲ್ಲಿ ಅದರ ಮೇಲೆ ಸ್ಕೆಚ್ ಕೂರಿಸಿ ನೋಡಿ ಬರೆಯುವುದು ಈಗ ಹೊರಗಿನ ಕಲಾವಿದರ ರೂಢಿ. ಆದರೆ 36 ಅಡಿ ಗೋಡೆ ಫೋನಿನ ಮಾಮೂಲಿ ಲೆನ್ಸಿನಲ್ಲಿ ಒಂದೇ ಫೋಟೋಗೆ ಹಿಡಿಯಲು 26–28 ಅಡಿ ಹಿಂದೆ ಹೋಗಬೇಕು. ನಿಮ್ಮ ರಸ್ತೆ 20 ಅಡಿ. ಅಲ್ಟ್ರಾವೈಡ್ ಬಳಸಿದರೆ ಅಂಚಿನ ಗೆರೆ ಬಾಗುತ್ತದೆ, ‘ದಾ’ ಮತ್ತು ‘ರೆ’ ಹೊರಕ್ಕೆ ವಾಲುತ್ತವೆ. 18 ಅಡಿಯ ಎರಡು ತುಂಡು ಮಾಡಿ, 15 ಅಡಿ ದೂರದಿಂದ ಎರಡು ಫೋಟೋ ತೆಗೆಯಿರಿ.

ಹತ್ತಿಗೋದಾಮು

ತುಂಬ ಉಪಕಾರವಾಯಿತು. ಫೋಟೋ ವಿಷಯ ಹೊಳೆದೇ ಇರಲಿಲ್ಲ. ಚಿತ್ರದುರ್ಗದ ಗೋಡೆ ಕೋಟೆಯ ದಾರಿಯಲ್ಲಿದೆ, ಹತ್ತಿರದಲ್ಲಿ ದೊಡ್ಡ ಬಂಡೆಗಳೂ ಇವೆ. ಬಂಡೆಯ ಮೇಲೂ ಬರೆಯಬಹುದೇ ಅಂತ ಕಲಾವಿದರು ಕೇಳಿದ್ದಾರೆ.

ದುರ್ಗದ ಗಾಳಿ

ಬಂಡೆ ಬೇಡ. ದಯವಿಟ್ಟು ಬೇಡ. ಏಳುಸುತ್ತಿನ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸಂರಕ್ಷಿತ ಸ್ಮಾರಕವನ್ನು ವಿರೂಪ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಮ್ಮ ಗೋಡೆ ಇದರೊಳಗೆ ಬಂದರೆ ಸಾರುವೆ ಕಟ್ಟುವ ಮುಂಚೆಯೇ ಇಲಾಖೆಗೆ ಬರೆದು ಕೇಳಿ. ಕಾಯ್ದೆ ಹಾಗಿರಲಿ, ಗ್ರಾನೈಟಿನ ರಂಧ್ರಕ್ಕಿಳಿದ ಸ್ಪ್ರೇ ಬಣ್ಣವನ್ನು ತೆಗೆಯಲು ಹೋದರೆ ಕಲ್ಲಿನ ಮೈಯೂ ಹೋಗುತ್ತದೆ. ಹೆಸರು ಗೀಚಿದ ಬಂಡೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಾಸಗಿ ಗೋಡೆಗೂ ಮಾಲೀಕರ ಬಾಯಿಮಾತು ಸಾಲದು. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ರಸ್ತೆಗೆ ಕಾಣುವ ಖಾಸಗಿ ಜಾಗವನ್ನೂ ಒಳಗೊಳ್ಳುತ್ತದೆ. ಶಿಕ್ಷೆ 6 ತಿಂಗಳವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾಲೀಕರ ಸಹಿಯ ಪತ್ರ, ಸ್ಕೆಚ್ಚಿನ ಪ್ರತಿ ಎರಡನ್ನೂ ಲಗತ್ತಿಸಿ ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಸಾರುವೆಯ ಬಳಿಯೇ ಇರಲಿ. ಒಂದು ಪ್ರತಿ ಠಾಣೆಗೂ ಹೋಗಲಿ. ರಸ್ತೆ ಅರ್ಧ ಮುಚ್ಚುವುದಾದರೆ ಇದು ಹೇಗೂ ಬೇಕು.

ಇನ್ನು ಗಾಳಿ. ದುರ್ಗದ ಗುಡ್ಡಗಳ ಮೇಲೆ ಸುಮ್ಮನೆ ಗಾಳಿಯಂತ್ರ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸ್ಪ್ರೇ ಕೆಲಸ ಇಟ್ಟುಕೊಳ್ಳಬೇಡಿ. ಮಬ್ಬು ಮಾಡಲು ಡಬ್ಬಿ ಒಂದಡಿ ದೂರ ಹೋಯಿತೆಂದರೆ ಅರ್ಧ ಬಣ್ಣ ಪಕ್ಕದ ಮನೆಯ ಬೈಕಿನ ಮೇಲಿರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಇಬ್ಬನಿ ಇದ್ದರೆ ಎಂಟೂವರೆಯವರೆಗೆ ಕಾಯಿರಿ. ಪಶ್ಚಿಮದ ಗೋಡೆಗೆ ಮಧ್ಯಾಹ್ನದವರೆಗೆ ನೆರಳಿರುತ್ತದೆ, ಕೆಲಸವೆಲ್ಲ ಆ ಹೊತ್ತಿನಲ್ಲೇ ಆಗಲಿ. ಕಾದ ಗೋಡೆಗೆ ಹೊಡೆದ ಸ್ಪ್ರೇ ತಲುಪುವ ಮುಂಚೆಯೇ ಒಣಗಿ ಪುಡಿಯಾಗಿ ಕೂರುತ್ತದೆ, ಕೈಯಿಟ್ಟರೆ ಬಳಬಳ ಉದುರುತ್ತದೆ.

ಸಾರುವೆಯ ಕಾಲಿಗೆ ಹಲಗೆ ಕೊಡಿ, ಚರಂಡಿ ಚಪ್ಪಡಿಯ ಮೇಲೆ ನೇರ ಊರಬೇಡಿ. ವಿದ್ಯುತ್ ತಂತಿಯಿಂದ 10 ಅಡಿ ದೂರ. ಅಷ್ಟು ಜಾಗವಿಲ್ಲದಿದ್ದರೆ ಬೆಸ್ಕಾಂಗೆ ಹೇಳಿ ಲೈನ್ ತೆಗೆಸಿಯೇ ಹತ್ತಿ.

ಗುಣಿತಾಕ್ಷರ

ಹೆಸರು–ದುಡ್ಡಿನ ಪ್ರಶ್ನೆ ಉಳಿದಿದೆ. ಇದನ್ನು ಕೆಲಸ ಶುರುವಾಗುವ ಮುಂಚೆ ಕಾಗದದಲ್ಲಿ ಮುಗಿಸಿ.

ಇಂಥ ಜೋಡಿಗಳಲ್ಲಿ ಹೊರಗಿನಿಂದ ಬಂದವರ ಹೆಸರು ನಿಂತು, ಸ್ಥಳೀಯರದು ‘ಸಹಾಯಕ’ ಅಂತಾಗುವುದೇ ಹೆಚ್ಚು. ನ್ಯೂಯಾರ್ಕ್‌ನಲ್ಲಿ 1980ರ ದಶಕದ ಆರಂಭದಲ್ಲಿ ಹೆಸರಾಂತ ಕಲಾವಿದ ಕೀತ್ ಹ್ಯಾರಿಂಗ್ ಜೊತೆ ಏಂಜೆಲ್ ಆರ್ಟಿಜ್ ಎಂಬ ಹುಡುಗ ಎಲ್ಎ2 ಹೆಸರಿನಲ್ಲಿ ಗೆರೆ ತುಂಬುತ್ತಿದ್ದ. 1990ರಲ್ಲಿ ಹ್ಯಾರಿಂಗ್ ತೀರಿಕೊಂಡ ಮೇಲೆ ಆ ಜಂಟಿ ಕೆಲಸಗಳಲ್ಲಿ ಆರ್ಟಿಜ್ ಹೆಸರು ಬಿಟ್ಟುಹೋಗುತ್ತಿದೆ ಎಂಬ ದೂರು ವರ್ಷಗಟ್ಟಲೆ ಇತ್ತು. ನಮ್ಮಲ್ಲಿ 2014ರಲ್ಲಿ ದೆಹಲಿ ಪೊಲೀಸರ ಆಗಿನ ಪ್ರಧಾನ ಕಚೇರಿಯ ಗೋಡೆಗೆ ಬಂದ ಗಾಂಧಿ ಚಿತ್ರಕ್ಕೆ ಜರ್ಮನಿಯ ಹೆಂಡ್ರಿಕ್ ಬೈಕಿರ್ಶ್ ಹೆಸರಿನ ಜೊತೆಗೆ ಅನ್ಪು ವರ್ಕಿ ಹೆಸರೂ ಇದೆ. ಹಾಗಿರಬೇಕು. ನಿಮ್ಮ ಗೋಡೆಯ ಮೂಲೆಯಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ, ಕನ್ನಡದಲ್ಲಿ, ಇಸವಿಯೊಂದಿಗೆ ಬರಲಿ.

ಕಾನೂನಿನ ಒಂದು ಅಂಶ ಹಲವರಿಗೆ ಗೊತ್ತಿರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ಮಾಡಿಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದು. ಗೋದಾಮಿನ ಮಾಲೀಕರು ನಾಳೆ ಅದನ್ನು ಕ್ಯಾಲೆಂಡರ್‌ಗೆ ಹಾಕಿಸಿದರೆ ಕಲಾವಿದರು ಸುಮ್ಮನಿರಬೇಕಾಗುತ್ತದೆ. ಹಕ್ಕು ಇಬ್ಬರು ಕಲಾವಿದರದು, ಮಾಲೀಕರು ಪ್ರಚಾರಕ್ಕೆ ಬಳಸಬಹುದು, ಮಾರಾಟಕ್ಕಲ್ಲ ಅಂತ ಎರಡು ಸಾಲು ಬರೆಸಿ. 57ನೇ ಕಲಂನ ನೈತಿಕ ಹಕ್ಕು ಮಾತ್ರ ಕಲಾವಿದರ ಬಳಿಯೇ ಉಳಿಯುತ್ತದೆ. ವಿಜ್ಞಾನ ಭವನದ ಗೋಡೆಯಿಂದ 1979ರಲ್ಲಿ ಕಿತ್ತುಹಾಕಿದ ಅಮರನಾಥ ಸೆಹಗಲ್ ಅವರ ಭಿತ್ತಿಶಿಲ್ಪದ ವಿಷಯದಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದ ಭಾಗವನ್ನು ಅವರಿಗೇ ಮರಳಿಸಿ 5 ಲಕ್ಷ ಪರಿಹಾರ ಕೊಡಿಸಿತು. ಗೋಡೆ ಎಷ್ಟು ವರ್ಷ ಅಳಿಸದೆ ಇಡುತ್ತಾರೆ, ಅಳಿಸುವುದಾದರೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ ಎಂಬುದನ್ನೂ ಅದೇ ಕಾಗದದಲ್ಲಿ ಸೇರಿಸಿ.

ದುಡ್ಡು: ಪೇಂಟರ್‌ಗೆ ದಿನಗೂಲಿ, ಕಲಾವಿದರಿಗೆ ಸಂಭಾವನೆ ಅಂತ ಎರಡು ತಕ್ಕಡಿ ಬೇಡ. ಇಬ್ಬರಿಗೂ ದಿನಕ್ಕಿಷ್ಟು ಅಂತ ಒಂದೇ ದರ ಕಟ್ಟಿ, ಪ್ರಯಾಣ–ವಸತಿ ಬೇರೆ ಕೊಡಿ. ಸಾಮಗ್ರಿ, ಸಾರುವೆ ಬಾಡಿಗೆ, ಕೆರೆಯುವ ಆಳಿನ ಕೂಲಿ ಇವು ಮಾಲೀಕರ ಲೆಕ್ಕ. ಅರ್ಧ ಮುಂಗಡ, ಅಕ್ಷರ ತುಂಬಿದ ದಿನ ಕಾಲು, ಸಹಿ ಬಿದ್ದ ದಿನ ಕಾಲು.

ಚೌಕಿಪೇಟೆ ಬ್ರಷ್

ಎರಡು ಮಾತು ಮರೆತಿದ್ದೆ ಸರ್. ಚೌಕ ಹಾಕೋಕೆ ಪೇಂಟರು ನೀಲಿ ಪುಡಿ ದಾರ ತರ್ತಾರೆ. ತಿಳಿ ಬಣ್ಣದ ಮೇಲೆ ಅದು ಬ್ಯಾಡ. ಎಮಲ್ಶನ್ ತೇವಕ್ಕೆ ನೀಲಿ ಕರಗಿ ಮೇಲಿನ ಕೋಟಿನವರೆಗೂ ಏರಿ ಬರುತ್ತೆ, ಎಷ್ಟು ಸಲ ಹಚ್ಚಿದರೂ ಗೆರೆ ಇಣುಕುತ್ತೆ. ಬಳಪದ ಪುಡಿ ಸವರಿದ ದಾರ ಸಾಕು, ತಳದ ಬಣ್ಣವನ್ನ ಬಳಪ ಕಾಣುವಷ್ಟು ಬೂದಿ ಛಾಯೆ ಮಾಡಿಸ್ರಿ.

ಇನ್ನೊಂದು, ಬುಡದ 2 ಅಡಿ. ಮಳೆ ಕೆಸರು, ಎಲೆಅಡಿಕೆ ಉಗುಳು, ಗಾಡಿ ಒರಗಿಸೋದು ಎಲ್ಲ ಅಲ್ಲೇ. ಅಲ್ಲಿ ಚಿತ್ರ ಬಿಡಿಸಬ್ಯಾಡ್ರಿ. ನಮ್ಮ ಹಳೇ ಮನೆಗಳಿಗೆ ಬಳೀತಿದ್ದ ಹಾಗೆ ಕಾವಿ ಬಣ್ಣದ ಎಮಲ್ಶನ್ ಪಟ್ಟಿ ಹೊಡೀರಿ, ಒಂದೂವರೆ ಲೀಟರ್ ಆಗುತ್ತೆ. ಅದೇ ಕಲಸಿನ ಇನ್ನೊಂದೂವರೆ ಲೀಟರ್ ಜಾಸ್ತಿ ಮಾಡಿಸಿ, ಮುಚ್ಚಳ ಭದ್ರ ಮಾಡಿ, ಮೇಲೆ ಬಣ್ಣದ ನಂಬರ್ ಬರೆದು ಗೋದಾಮಿನ ಒಳಗೇ ಇಡ್ರಿ. ವರ್ಷಕ್ಕೊಂದು ಸಲ ದೀಪಾವಳಿ ಮುಂಚೆ ಪಟ್ಟಿಗಷ್ಟೇ ಒಂದು ಕೈ ಹೊಡೆದರಾಯ್ತು.